ಓದುಗರ ಪ್ರಶ್ನೆ: ಮಂಗಳವಾರದ ಕ್ಲಿನಿಕ್ಕಿಗೆ ಕಾಲೇಜು ಬಂದಾಗ

ಕಾಲೇಜುಗಳೂ ತಾಲ್ಲೂಕು ಮಟ್ಟದ ಮಾನಸಿಕ ಆರೋಗ್ಯ ಕ್ಲಿನಿಕ್ಕುಗಳೂ ಕೂಡಿ ಸಂಶೋಧನೆ ನಡೆಸುವುದರ ಬಗ್ಗೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರನ್ನೂ ಅವರ ಗುರುತು ಹತ್ತುವಂಥ ವಿವರಗಳನ್ನೂ ತೆಗೆದಿದ್ದೇನೆ. ಉತ್ತರ ಬರೆಯುತ್ತಿರುವವನು ಮನೋವೈದ್ಯನಲ್ಲ, ಮನೋವೈದ್ಯಕೀಯ ಸಮಾಜಕಾರ್ಯವನ್ನು ಕಲಿಸಿ ನಿವೃತ್ತನಾದ ಅಧ್ಯಾಪಕ ಎಂಬುದನ್ನು ಹೊಸ ಓದುಗರು ಗಮನಿಸಬೇಕು.

ಪ್ರಶ್ನೆ: ನಾನು ಕಲಬುರಗಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ಗ್ರಾಮೀಣ ಮಹಿಳೆಯರ ಖಿನ್ನತೆಯನ್ನು ಕುರಿತು ಅಧ್ಯಯನ ಮಾಡಲು ಸಮೀಪದ ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಕ್ಲಿನಿಕ್ಕಿನ ಸಹಕಾರ ಕೋರಿ ಪ್ರಾಂಶುಪಾಲರ ಮೂಲಕ ಎರಡು ಪತ್ರ ಬರೆದೆ, ಇಪ್ಪತ್ತು ಪುಟಗಳ ಪ್ರಸ್ತಾವನೆಯನ್ನೂ ಲಗತ್ತಿಸಿದೆ. "ನೋಡೋಣ ಮೇಡಂ" ಎಂಬುದನ್ನು ಬಿಟ್ಟು ಬೇರೆ ಉತ್ತರ ಬಂದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನೀವು ಕಳಿಸಿದ ಪ್ರಸ್ತಾವನೆಯ ಪ್ರತಿಯನ್ನು ಓದಿದೆ. ಅದರಲ್ಲಿ ವಿದ್ವತ್ತಿನ ಕೊರತೆ ಇಲ್ಲ. ಆದರೆ ಅದು ಆಸ್ಪತ್ರೆಯ ಮೇಜು ಮುಟ್ಟುವ ಹೊತ್ತಿಗೆ ಏನನ್ನು ಕೇಳಬೇಕು, ಯಾರನ್ನು ಕೇಳಬೇಕು, ಯಾವ ಮಾಪನದಿಂದ ಅಳೆಯಬೇಕು, ಎಷ್ಟು ಜನ ಬೇಕು ಎಂಬುದೆಲ್ಲ ತೀರ್ಮಾನವಾಗಿ ಹೋಗಿತ್ತು. ರೋಗಿಗಳನ್ನು ಒದಗಿಸುವ ಕೆಲಸವೊಂದನ್ನು ಮಾತ್ರ ಕ್ಲಿನಿಕ್ಕಿಗೆ ಉಳಿಸಿದ್ದೀರಿ. ಇದಕ್ಕೆ ನೀವು ಸಹಭಾಗಿತ್ವ ಎಂದು ಹೆಸರಿಟ್ಟರೂ ಅತ್ತ ಕುಳಿತವರಿಗೆ ಅದು ಔಷಧ ತರಿಸಲು ಬರೆಯುವ ಇಂಡೆಂಟಿನಂತೆಯೇ ಕಂಡಿರುತ್ತದೆ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮಂಗಳವಾರದ ಕ್ಲಿನಿಕ್ಕನ್ನು ಒಂದು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುಳಿತು ನೋಡಿದರೆ ಆ "ನೋಡೋಣ"ದ ಅರ್ಥ ತಿಳಿಯುತ್ತದೆ. ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದವರು ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ನಿಲ್ದಾಣದಲ್ಲಿ ಕಾಯಬೇಕು, ಆದ್ದರಿಂದ ಎಲ್ಲರಿಗೂ ಅವಸರ. ಜಿಲ್ಲಾ ಕೇಂದ್ರದಿಂದ ಬರುವ ಮನೋವೈದ್ಯರು ಹಳೆಯ ರೋಗಿಗಳ ಔಷಧ ಮುಂದುವರಿಸಬೇಕು, ಹೊಸಬರ ಮಾತನ್ನು ಪೂರ್ತಿ ಕೇಳಬೇಕು, ನಡುವೆ ಅಂಗವಿಕಲರ ಪ್ರಮಾಣಪತ್ರಕ್ಕಾಗಿ ಬಂದವರ ಅಸಾಮರ್ಥ್ಯವನ್ನು ಅಳೆದು ಅದು ಶೇ 40ರ ಮಿತಿಯನ್ನು ಮುಟ್ಟುತ್ತದೆಯೇ ಎಂದು ಬರೆದುಕೊಡಬೇಕು. ಶುಶ್ರೂಷಾಧಿಕಾರಿ ಮಾತ್ರೆ ಎಣಿಸಿ ಕೊಡುತ್ತಲೇ ರಿಜಿಸ್ಟರ್ ತುಂಬುತ್ತಿರುತ್ತಾರೆ. ಇಂಥ ಕೋಣೆಗೆ ಪ್ರತಿ ರೋಗಿಯ ಹತ್ತಿರ ಮುಕ್ಕಾಲು ಗಂಟೆ ಕೇಳುವ ಪ್ರಶ್ನಾವಳಿಯನ್ನು ಒಯ್ದರೆ ಯಾವ ವೈದ್ಯರೂ ಮನಸಾರೆ ಹೂಂಗುಟ್ಟಲಾರರು.

ಪ್ರಸ್ತಾವನೆಯನ್ನು ಸದ್ಯಕ್ಕೆ ಮನೆಯಲ್ಲಿಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ವ್ಯಾಪ್ತಿಗೆ ಬರುವುದರಿಂದ ಪತ್ರವನ್ನು ಅವರಿಗೇ ಬರೆಯಿರಿ. ಮಾಹಿತಿ ಸಂಗ್ರಹಕ್ಕೆ ಅನುಮತಿ ಕೇಳಬೇಡಿ. ಎಂಟು ಮಂಗಳವಾರ ಕ್ಲಿನಿಕ್ಕಿನಲ್ಲಿ ಕೈಗೆ ಬಂದ ಕೆಲಸ ಮಾಡುತ್ತ ಕೂರಲು ಅವಕಾಶ ಕೇಳಿ. ಆ ಎಂಟು ವಾರ ಯಾವ ಫಾರ್ಮನ್ನೂ ತುಂಬಿಸಬೇಡಿ. ಸಾಲು ನಿಲ್ಲಿಸುವುದು, ಹಳೆಯ ಚೀಟಿ ಹುಡುಕಿ ಕೊಡುವುದು, ಔಷಧ ತೆಗೆದುಕೊಳ್ಳುವ ಕ್ರಮವನ್ನು ಇನ್ನೊಮ್ಮೆ ವಿವರಿಸುವುದು, ಇವೆಲ್ಲ ಪ್ರಾಧ್ಯಾಪಕಿಯ ಘನತೆಗೆ ಕುಂದು ತರುವ ಕೆಲಸಗಳಲ್ಲ.

ಆಗ ನಿಮ್ಮ ಕಣ್ಣಿಗೆ ಬೀಳುವುದು ರಿಜಿಸ್ಟರಿನ ಖಾಲಿ ಮನೆಗಳು. ಮೂರು ತಿಂಗಳು ತಪ್ಪದೆ ಬಂದ ಹೆಸರು ನಾಲ್ಕನೆಯ ತಿಂಗಳು ಇರುವುದಿಲ್ಲ. ಕ್ಲಿನಿಕ್ಕಿನವರನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆ ಇದೇ ಎಂದು ನನ್ನ ಅನುಭವ: ಬರುತ್ತಿದ್ದವರು ಎಲ್ಲಿ ಹೋದರು? ಗುಳೆ ಹೋದ ಕುಟುಂಬದ ಜೊತೆ ಬೆಂಗಳೂರಿಗೋ ಪುಣೆಗೋ ಹೋಗಿರಬಹುದು. ತೊಗರಿ ಕೊಯ್ಲು ಬಂದಾಗ ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರ ಕೂಲಿಯನ್ನೂ ಬಿಡಿಸಿ, ಇಬ್ಬರ ಬಸ್ ಖರ್ಚು ಹೊಂದಿಸಲು ಆಗದೆ ಉಳಿದಿರಬಹುದು. ಹಿಂದಿನ ಸಲ ಬಂದಾಗ ಬರೆದುಕೊಟ್ಟ ಮಾತ್ರೆ ದಾಸ್ತಾನಿನಲ್ಲಿ ಇಲ್ಲದೆ ಬರಿಗೈಲಿ ಮರಳಿರಬಹುದು. ಗುಣವಾಯಿತು ಎಂದು ತಾವೇ ಬಿಟ್ಟಿರಬಹುದು, ಮಾತ್ರೆಯಿಂದ ಮೈ ಭಾರವಾಗಿ ಹೊಲದಲ್ಲಿ ಬಗ್ಗಲಾರದೆ ಬಿಟ್ಟಿರಬಹುದು, ಮದುವೆಯಾಗಿ ಹೋದ ಮನೆಯಲ್ಲಿ ಮುಚ್ಚಿಡಬೇಕಾಗಿ ಬಿಟ್ಟಿರಬಹುದು. ಈ ಕಾರಣಗಳಲ್ಲಿ ಒಂದೊಂದಕ್ಕೂ ಮದ್ದು ಬೇರೆ. ಗುಳೆ ಹೋಗುವವರಿಗೆ ಎರಡು ತಿಂಗಳ ಔಷಧವೂ ಅಲ್ಲಿನ ಆಸ್ಪತ್ರೆಗೆ ತೋರಿಸಬಹುದಾದ ಚೀಟಿಯೂ ಬೇಕು. ಮಾತ್ರೆ ಸಿಗದೆ ಮರಳಿದವರಿಗೆ ಬೇಕಾದದ್ದು ಉಗ್ರಾಣದ ಸುಧಾರಣೆ. ಮೈಭಾರದಿಂದ ಬಿಟ್ಟವರಿಗೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುವ ವೈದ್ಯರು. ಯಾವ ಕಾರಣದಿಂದ ಎಷ್ಟು ಜನ ಬಿಟ್ಟರು ಎಂಬುದನ್ನು ವ್ಯವಸ್ಥಿತವಾಗಿ ತಿಳಿಯುವ ಪುರಸೊತ್ತು ಕ್ಲಿನಿಕ್ಕಿನವರಿಗಿಲ್ಲ. ಅದು ನಿಮಗಿದೆ, ಅದಕ್ಕೆ ಬೇಕಾದ ವಿದ್ಯೆಯೂ ನಿಮ್ಮ ಬಳಿ ಇದೆ. ಗ್ರಾಮೀಣ ಮಹಿಳೆಯರ ಖಿನ್ನತೆ ಎಂಬ ನಿಮ್ಮ ವಿಷಯ ಇದರಿಂದ ಕೈತಪ್ಪುವುದಿಲ್ಲ. ಬಿಟ್ಟುಹೋದವರಲ್ಲಿ ಹೆಂಗಸರೇ ಹೆಚ್ಚೇ, ಅವರು ಬಿಟ್ಟ ಕಾರಣ ಗಂಡಸರಿಗಿಂತ ಬೇರೆಯೇ ಎಂದು ಕೇಳಿದ ತಕ್ಷಣ ಅದು ತಾನಾಗಿ ಒಳಗೆ ಬರುತ್ತದೆ.

ಸ್ಥಳೀಯ ಪ್ರಶ್ನೆ ಸಣ್ಣದು, ಪ್ರಕಟಣೆಗೆ ಒದಗದು ಎಂಬ ಅಳುಕು ಬೇಡ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆದು, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಸಮೀಕ್ಷೆಯ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು ಎಂದು ಹೇಳಿತು. ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಹಾಗಿರುವಾಗ ನಮ್ಮ ತಾಲ್ಲೂಕಿನ ರಿಜಿಸ್ಟರಿಗೆ ಇರುವ ಬೆಲೆ ಎಷ್ಟೆಂದು ನೀವೇ ಊಹಿಸಿ. ಇನ್ನೊಂದು ಮಾತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ದೆಹಲಿಯ ಕಡತದಲ್ಲಲ್ಲ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಸಾಮಾನ್ಯ ಆಸ್ಪತ್ರೆಯಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯವೇ ಎಂದು ಪರೀಕ್ಷಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಕಾರ್ಯಕ್ರಮವನ್ನು ಆರಂಭಿಸಿದಾಗ ಬಳ್ಳಾರಿ ಮಾದರಿಯೇ ಅದಕ್ಕೆ ಬುನಾದಿಯಾಯಿತು. ಮುಂದೆ ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಊರಿನಲ್ಲೇ ಗುರುತಿಸಿ, ಚಿಕಿತ್ಸೆಗೆ ತಂದು, ವರ್ಷಗಟ್ಟಲೆ ಬೆನ್ನುಬಿಡದೆ ನೋಡಿಕೊಂಡ ಕೆಲಸವೂ ನಿಮ್ಹಾನ್ಸ್‌ನದೇ. ಇವೆರಡರಲ್ಲೂ ಸಂಶೋಧನೆ ಎಲ್ಲಿ ಮುಗಿಯಿತು, ಸೇವೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಹಣದ ವಿಚಾರ ಕೇಳಿದ್ದೀರಿ. ಮೊದಲ ವರ್ಷದ ಈ ಕೆಲಸಕ್ಕೆ ಬಸ್ ಖರ್ಚಿನ ಹೊರತು ದೊಡ್ಡ ಹಣ ಬೇಕಿಲ್ಲ. ಖಾಲಿ ಮನೆಗಳ ಲೆಕ್ಕವೊಂದು ಕೈಯಲ್ಲಿದ್ದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೋ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಗೋ ಅರ್ಜಿ ಹಾಕುವಾಗ ಕ್ಲಿನಿಕ್ಕಿನ ವೈದ್ಯರ ಹೆಸರನ್ನು ಸಹ ಸಂಶೋಧಕರೆಂದು ಮೊದಲ ಪುಟದಲ್ಲೇ ಬರೆಯಬಹುದು. ಅಷ್ಟು ಹೊತ್ತಿಗೆ ಅವರೂ ಬೇಡವೆನ್ನಲಾರರು.

ಪ್ರಶ್ನೆ: ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಈವರೆಗೆ ಮೂರು ತಂಡಗಳು ಬಂದು ನಮ್ಮ ರೋಗಿಗಳಿಂದ ಫಾರ್ಮು ತುಂಬಿಸಿಕೊಂಡು, ನಮ್ಮ ಜೊತೆ ನಿಂತು ಫೋಟೊ ತೆಗೆಸಿಕೊಂಡು ಹೋದವು. ಏನು ಕಂಡುಬಂತು ಎಂದು ಒಬ್ಬರೂ ಬಂದು ಹೇಳಲಿಲ್ಲ. ಈಗ ನಾಲ್ಕನೆಯ ತಂಡ ಕೇಳುತ್ತಿದೆ. ನಮ್ಮ ವೈದ್ಯರು ನನ್ನ ಅಭಿಪ್ರಾಯ ಕೇಳಿದ್ದಾರೆ. ಒಪ್ಪಬೇಕೇ? ಒಪ್ಪಿದರೆ ಏನು ಕೇಳಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರ ಓದಿ ತಲೆ ತಗ್ಗಿಸಿದೆ, ಏಕೆಂದರೆ ಅಂಥ ತಂಡವೊಂದರಲ್ಲಿ ನಾನೂ ಇದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಆರೋಗ್ಯ ಕೇಂದ್ರದಿಂದ ಆರು ತಿಂಗಳು ಮಾಹಿತಿ ಸಂಗ್ರಹಿಸಿ ಪ್ರಬಂಧ ಬರೆದೆ. ಅದಕ್ಕೆ ಮೆಚ್ಚುಗೆಯೂ ಸಿಕ್ಕಿತು. ಎಷ್ಟೋ ವರ್ಷಗಳ ನಂತರ ಅಲ್ಲಿನ ಹಿರಿಯ ದಾದಿಯೊಬ್ಬರು ಮದುವೆ ಮನೆಯಲ್ಲಿ ಸಿಕ್ಕಿ, "ಸರ್, ಆ ನೀಲಿ ಫಾರ್ಮು ಏನಾದವ್ರಿ?" ಎಂದು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ.

ಒಪ್ಪಿ, ಆದರೆ ಬಾಯಿಮಾತಿನಲ್ಲಿ ಬೇಡ. ಎರಡು ಪುಟದ ಒಡಂಬಡಿಕೆ ಸಾಕು. ಅದಕ್ಕೆ ಕಾಲೇಜಿನ ಪರವಾಗಿ ಪ್ರಾಂಶುಪಾಲರೋ ಕುಲಸಚಿವರೋ, ಆರೋಗ್ಯ ಇಲಾಖೆಯ ಪರವಾಗಿ ಜಿಲ್ಲಾ ಅಧಿಕಾರಿಗಳೂ ಸಹಿ ಮಾಡಲಿ. ಇವತ್ತಿನ ವೈದ್ಯರಿಗೆ ನಾಳೆ ವರ್ಗಾವಣೆಯಾಗಬಹುದು, ಗುತ್ತಿಗೆಯ ಮೇಲಿರುವ ಆಪ್ತ ಸಮಾಲೋಚಕರ ಅವಧಿ ಮುಗಿಯಬಹುದು. ವ್ಯಕ್ತಿಗಳ ನಡುವಿನ ಸ್ನೇಹದ ಮೇಲೆ ನಿಂತ ಸಹಭಾಗಿತ್ವ ಆ ದಿನವೇ ಕುಸಿಯುತ್ತದೆ.

ಆ ಎರಡು ಪುಟಗಳಲ್ಲಿ ಮೊದಲು ಬರಬೇಕಾದದ್ದು ನಿಮ್ಮ ಸಮಯ. ಪ್ರಶ್ನಾವಳಿಯನ್ನು ಯಾರು ಕೇಳುತ್ತಾರೆ, ಎಲ್ಲಿ ಕುಳಿತು ಕೇಳುತ್ತಾರೆ ಎಂಬುದು ಸ್ಪಷ್ಟವಾಗಿರಲಿ. ಯೋಜನೆಯ ಹಣದಿಂದಲೇ ಸಂಬಳ ಪಡೆಯುವ ಸಹಾಯಕರು ಬರಲಿ, ನಿಮ್ಮ ಊಟದ ಹೊತ್ತಿನಲ್ಲಿ ನೀವೇ ಫಾರ್ಮು ತುಂಬುವ ಹಾಗಾಗದಿರಲಿ. ಎರಡನೆಯದು ಇದಕ್ಕಿಂತ ಗಂಭೀರ. ಆಶಾ ಕಾರ್ಯಕರ್ತೆಯರ ಮೂಲಕ ಹಳ್ಳಿಗಳಲ್ಲಿ ತಪಾಸಣೆ ಮಾಡಿಸುತ್ತೇವೆ ಎಂದು ತಂಡದವರು ಹೇಳಿದ್ದರೆ, ಹಾಗೆ ಪತ್ತೆಯಾದವರು ಬಂದು ನಿಲ್ಲುವುದು ನಿಮ್ಮ ಮಂಗಳವಾರದ ಸಾಲಿನಲ್ಲೇ. ಅವರಿಗೆ ವೈದ್ಯರ ಸಮಯ ಎಲ್ಲಿಂದ, ಮಾತ್ರೆಯ ದಾಸ್ತಾನು ಎಲ್ಲಿಂದ ಎಂದು ಮೊದಲೇ ಕೇಳಿ. ಚಿಕಿತ್ಸೆ ಕೊಡುವ ಏರ್ಪಾಡಿಲ್ಲದೆ ಕಾಯಿಲೆ ಹುಡುಕುತ್ತ ಹೋಗುವುದು ಜನರ ಜೊತೆ ಆಡುವ ಆಟ ಎಂದೇ ನನ್ನ ಅಭಿಪ್ರಾಯ.

ಮಾಹಿತಿಯ ಒಂದು ಪ್ರತಿ, ಹೆಸರು ತೆಗೆದ ರೂಪದಲ್ಲಿ, ಕ್ಲಿನಿಕ್ಕಿನಲ್ಲಿ ಉಳಿಯಬೇಕು. ಯಾವ ಸಂಕೇತ ಸಂಖ್ಯೆ ಯಾರದೆಂಬ ಪಟ್ಟಿ ಮಾತ್ರ ನಿಮ್ಮ ಬೀರುವಿನಲ್ಲೇ ಬೀಗದೊಳಗಿರಲಿ, ಕಾಲೇಜಿಗೆ ಹೋಗುವುದು ಬೇಡ. ಫಲಿತಾಂಶವನ್ನು ಪತ್ರಿಕೆಗೆ ಕಳಿಸುವ ಮೊದಲು ನಿಮ್ಮ ಸಿಬ್ಬಂದಿಯ ಸಭೆಯಲ್ಲಿ, ಕನ್ನಡದಲ್ಲಿ, ತಂಡದವರೇ ಬಂದು ಹೇಳಬೇಕು. ಇದಕ್ಕೆ ಒಂದು ತಾರೀಖನ್ನೂ ಬರೆಸಿ. "ಇಲ್ಲಿ ಹೀಗಲ್ಲ, ಆ ತಿಂಗಳು ಮಾತ್ರೆಯೇ ಬಂದಿರಲಿಲ್ಲ" ಎಂದು ನೀವು ಹೇಳುವ ಒಂದು ಮಾತು ಅವರ ಇಡೀ ಕೋಷ್ಟಕದ ಅರ್ಥವನ್ನು ಬದಲಿಸಬಹುದು.

ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕೇ ಎಂದು ಸಂಕೋಚದಿಂದ ಕೇಳಿದ್ದೀರಿ. ಸಂಕೋಚ ಬೇಡ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತುಗಳನ್ನು ಹಾಕಿದೆ: ಅಧ್ಯಯನದ ರೂಪಣೆಯಲ್ಲೋ ಮಾಹಿತಿಯ ಸಂಗ್ರಹ–ವಿಶ್ಲೇಷಣೆಯಲ್ಲೋ ಗಣನೀಯ ಪಾಲು, ಬರಹವನ್ನು ರಚಿಸುವುದರಲ್ಲೋ ತಿದ್ದುವುದರಲ್ಲೋ ಪಾಲು, ಅಂತಿಮ ರೂಪಕ್ಕೆ ಒಪ್ಪಿಗೆ, ಮತ್ತು ಅದರ ಹೊಣೆ. ರಿಜಿಸ್ಟರನ್ನು ಅಧ್ಯಯನಕ್ಕೆ ಒಗ್ಗುವಂತೆ ರೂಪಿಸಿದವರು ನೀವಾದರೆ ಮೊದಲನೆಯದು ಈಗಾಗಲೇ ಆಗಿದೆ. ಕರಡನ್ನು ಓದಿ ತಿದ್ದುವ ಅವಕಾಶವನ್ನು ಕೇಳಿ ಪಡೆಯಿರಿ. ಕುರ್ಚಿಯ ಕಾರಣಕ್ಕಷ್ಟೇ ಪಟ್ಟಿ ಸೇರುವವರ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ, ಓದುಗರಿಗೆ ಗೊತ್ತಿರುವ ವಿಚಾರ ಅದು.

ಫೋಟೊದ ಬಗ್ಗೆ: ಸಿಬ್ಬಂದಿಯ ಫೋಟೊ ನಿಮ್ಮ ಇಚ್ಛೆ. ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೆಯ ಕಲಮು ತಡೆಯುತ್ತದೆ.

ಪ್ರಶ್ನೆ: ಬೀದರ್‌ನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ಖಿನ್ನತೆಯನ್ನು ಅಳೆಯುವ ಪಿ.ಎಚ್.ಕ್ಯು–9 ಮಾಪನದ ಕನ್ನಡ ಅನುವಾದ ಸಿಕ್ಕಿದೆ. ಅದನ್ನೇ ನೇರವಾಗಿ ನಮ್ಮ ಹಳ್ಳಿಗಳಲ್ಲಿ ಬಳಸಬಹುದೇ?

ಉತ್ತರ: ಬಳಸುವ ಮೊದಲು ಅದನ್ನು ಗಟ್ಟಿಯಾಗಿ ಓದಿ, ಹತ್ತು ಜನರಿಗೆ ಕೇಳಿಸಿ. ಕಳೆದ ಎರಡು ವಾರಗಳಲ್ಲಿ ಒಂಬತ್ತು ಬಗೆಯ ತೊಂದರೆಗಳು ಎಷ್ಟು ದಿನ ಕಾಡಿದವು ಎಂದು ಕೇಳಿ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಟ್ಟು, ಒಟ್ಟು 27ರಲ್ಲಿ ಲೆಕ್ಕ ಹಾಕುವ ಸರಳ ಸಾಧನ ಅದು. ತೊಡಕಿರುವುದು ಮಾತಿನಲ್ಲಿ. "ಕೆಲಸ ಮಾಡುವುದರಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ?" ಎಂದು ನನ್ನ ವಿದ್ಯಾರ್ಥಿಯೊಬ್ಬ ಜೇವರ್ಗಿ ಕಡೆಯ ಹಳ್ಳಿಯಲ್ಲಿ ಕೇಳಿದಾಗ, ಕಳೆ ತೆಗೆದು ಬಂದು ಕೂತಿದ್ದ ಹೆಂಗಸು ನಕ್ಕು, "ಕೂಲಿ ಕೆಲಸದಾಗ ಸಂತೋಷ ಎಲ್ಲಿರ್ತದ್ರಿ?" ಎಂದರು. ಆತ ಅದಕ್ಕೆ 3 ಅಂಕ ಹಾಕಿಕೊಂಡು ಬಂದಿದ್ದ. ಆಕೆಗೆ ಖಿನ್ನತೆ ಇರಲಿಲ್ಲ, ದಣಿವಿತ್ತು. ಮೂಲದಲ್ಲಿರುವುದು ದುಡಿಮೆಯ ಮಾತಲ್ಲ. ಮೊದಲು ಮನಸ್ಸಿಗೆ ಹಿಡಿಸುತ್ತಿದ್ದುದು ಈಗ ಹಿಡಿಸದಿರುವುದರ ಮಾತು.

ಹೀಗೆಯೇ "ಖಿನ್ನತೆ" ಎಂಬ ಪದ ಪುಸ್ತಕದ್ದು. ನಮ್ಮ ಕಡೆಯವರು "ಜೀವಕ್ಕ ಸಮಾಧಾನ ಇಲ್ರಿ", "ಎದಿ ಢವಢವ ಅಂತದ", "ಯಾವುದರಾಗೂ ಮನಸ್ಸು ನಿಲ್ಲವಲ್ದು", "ಹೈರಾಣ ಆಗ್ಯದ" ಎಂದು ಹೇಳುತ್ತಾರೆ, ಅನೇಕ ಸಲ ಮೊದಲು ಹೇಳುವುದೇ ಮೈಕೈ ನೋವನ್ನು. ಈ ಮಾತುಗಳಲ್ಲಿ ಯಾವುದು ಯಾವ ಪ್ರಶ್ನೆಗೆ ಹೊಂದುತ್ತದೆ ಎಂದು ನಿಮಗಿಂತ ಚೆನ್ನಾಗಿ ತಿಳಿದವರು ಕ್ಲಿನಿಕ್ಕಿನ ಸಮಾಲೋಚಕರು ಮತ್ತು ಆಶಾ ಕಾರ್ಯಕರ್ತೆಯರು. ಅನುವಾದದ ಮೇಜಿಗೆ ಅವರನ್ನು ಕರೆಯುವುದೇ ಸಹಭಾಗಿತ್ವದ ಮೊದಲ ಹೆಜ್ಜೆಯಾಗಬಹುದು. "ಎರಡು ವಾರ" ಎನ್ನುವುದಕ್ಕಿಂತ "ಹೋದ ಅಮಾಸಿಯಿಂದ ಈ ಹುಣ್ಣಿಮಿತನಕ" ಎಂದರೆ ಹಿರಿಯರಿಗೆ ಬೇಗ ತಿಳಿಯುತ್ತದೆ, ಸಂದರ್ಶನ ಆ ತಿಥಿಯ ಹತ್ತಿರ ಬಿದ್ದಿದ್ದರೆ. ಎಷ್ಟು ದಿನ ಎಂಬುದನ್ನು ತೋರಿಸಲು ಹದಿನಾಲ್ಕು ತೊಗರಿ ಕಾಳನ್ನು ಮುಂದಿಟ್ಟು "ಇದರಾಗ ಎಷ್ಟು ದಿನ?" ಎಂದು ಬೇರ್ಪಡಿಸಲು ಹೇಳಬಹುದು. ಇಂಥ ಬದಲಾವಣೆ ಮಾಡಿದರೆ ಅದನ್ನು ಪ್ರಬಂಧದಲ್ಲಿ ಬಿಚ್ಚಿ ಬರೆಯಬೇಕು, ಮೊದಲು ಕೆಲವರ ಮೇಲೆ ಪರೀಕ್ಷಿಸಿ ವೈದ್ಯರ ರೋಗನಿರ್ಣಯದೊಂದಿಗೆ ತಾಳೆ ನೋಡಬೇಕು.

ಕನ್ನಡವೊಂದೇ ಸಾಲದು ಎಂಬುದನ್ನೂ ಮರೆಯಬೇಡಿ. ಬೀದರ್ ಜಿಲ್ಲೆಯಲ್ಲಿ ಔರಾದ, ಭಾಲ್ಕಿ, ಬಸವಕಲ್ಯಾಣದ ಅನೇಕ ಮನೆಗಳಲ್ಲಿ ಮರಾಠಿ, ಪಟ್ಟಣಗಳ ಓಣಿಗಳಲ್ಲಿ ದಖ್ಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಗಡಿಯ ಹಳ್ಳಿಗಳಲ್ಲಿ ತೆಲುಗು ನಡೆಯುತ್ತದೆ. ಕನ್ನಡ ಬಲ್ಲವರನ್ನು ಮಾತ್ರ ಸೇರಿಸಿಕೊಂಡರೆ ನಿಮಗೆ ಸಿಗುವ ಜಿಲ್ಲೆ ಅರ್ಧ ಜಿಲ್ಲೆ. ತಾಂಡಾದ ಹೆಂಗಸಿನ ಮಾತನ್ನು ಗಂಡನಿಂದಲೋ ಮಗನಿಂದಲೋ ಅನುವಾದ ಮಾಡಿಸಿಕೊಳ್ಳುವುದಂತೂ ಬೇಡ. ಆಕೆ ಏನನ್ನು ಹೇಳಲಾರಳೋ ಅದು ಅವರ ಎದುರಿಗೇ ಹೇಳಲಾಗದ್ದು.

ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನು ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. "ಹೌದು" ಎಂಬ ಉತ್ತರ ಬಂದ ಕೂಡಲೇ ಏನು ಮಾಡಬೇಕೆಂಬ ಬರೆದಿಟ್ಟ ಕ್ರಮವಿಲ್ಲದೆ ಆ ಪ್ರಶ್ನೆಯನ್ನು ಯಾರೂ ಕೇಳಬಾರದು. ಅದೇ ದಿನ ಮಾತನಾಡಬಲ್ಲ ವೈದ್ಯರು ಯಾರು, ಜೊತೆಯಲ್ಲಿ ಯಾರು ಹೋಗುತ್ತಾರೆ, ವಾಹನ ಯಾವುದು ಎಂಬುದು ಗೊತ್ತಿರಬೇಕು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿಯೊಬ್ಬರಿಗೂ ಬರೆದುಕೊಡಿ, ಆದರೆ ಅದನ್ನು ಕೊಟ್ಟದ್ದರಿಂದ ನಿಮ್ಮ ಹೊಣೆ ಮುಗಿಯಿತೆಂದು ತಿಳಿಯಬೇಡಿ.

ಪ್ರಶ್ನೆ: ಸಾಹೇಬರೇ, ನನ್ನ ಮಗನಿಗೆ ಎಂಟು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ. ಸರ್ಕಾರಿ ಆಸ್ಪತ್ರೆಯಿಂದ ಔಷಧ ತರುತ್ತೇವೆ. ಕಾಲೇಜಿನವರು ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇವೆ, ಸಹಿ ಮಾಡಿ ಎನ್ನುತ್ತಿದ್ದಾರೆ. ಬೇಡ ಎಂದರೆ ಔಷಧ ನಿಲ್ಲಿಸುತ್ತಾರೆಯೇ? ಸಹಿ ಯಾರು ಮಾಡಬೇಕು, ನಾನೋ ಮಗನೋ? ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. (ಬಸವಕಲ್ಯಾಣ ತಾಲ್ಲೂಕು)

ಉತ್ತರ: ಹಿರಿಯರೇ, ಔಷಧ ನಿಲ್ಲಿಸುವಂತಿಲ್ಲ. ಚಿಕಿತ್ಸೆ ನಿಮ್ಮ ಮಗನ ಹಕ್ಕು, ಅಧ್ಯಯನಕ್ಕೆ ಸೇರುವುದು ಅವನ ಇಚ್ಛೆ. ಒಂದನ್ನು ಇನ್ನೊಂದಕ್ಕೆ ಗಂಟು ಹಾಕಲು ಯಾರಿಗೂ ಅಧಿಕಾರವಿಲ್ಲ.

ಸಹಿಯ ವಿಷಯದಲ್ಲಿ 2017ರ ಕಾಯ್ದೆಯ 99ನೆಯ ಕಲಮು ಸ್ಪಷ್ಟವಾಗಿದೆ. ಸಂದರ್ಶನವಾಗಲಿ, ಔಷಧದ ಪ್ರಯೋಗವಾಗಲಿ, ಸಂಶೋಧನೆಗೆ ಒಳಗಾಗುವ ವ್ಯಕ್ತಿಯೇ ವಿಷಯ ತಿಳಿದುಕೊಂಡು ಸ್ವಂತ ಮನಸ್ಸಿನಿಂದ ಒಪ್ಪಬೇಕು. ಕಾಯಿಲೆ ಇದೆ ಎಂದಮಾತ್ರಕ್ಕೆ ಅವನಿಗೆ ತಿಳಿಯುವುದಿಲ್ಲ ಎಂದು ತೀರ್ಮಾನಿಸಬಾರದು. ಔಷಧ ಸರಿಯಾಗಿ ನಡೆಯುತ್ತಿರುವ ದಿನಗಳಲ್ಲಿ ನಿಮ್ಮ ಮಗ ನಿಮಗಿಂತ ಚೆನ್ನಾಗಿ ಪ್ರಶ್ನೆ ಕೇಳಬಹುದು. ಆದ್ದರಿಂದ ಸಹಿ ಅವನದು. ಅವನು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ, ವಿರೋಧವನ್ನೂ ತೋರುತ್ತಿಲ್ಲ ಎಂದಾಗ, ಚಿಕಿತ್ಸೆಯ ಪ್ರಯೋಗವನ್ನೊಳಗೊಂಡ ಸಂಶೋಧನೆಗೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿಯೂ ಅವನ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಕಾಯ್ದೆಯಂತೆ ಅವನ ಪರವಾಗಿ ನಿಲ್ಲುವವರ, ಒಪ್ಪಿಗೆಯೂ ಬೇಕು. ಅವನು ಬೇಡ ಎಂದರೆ ನೀವು ಸಹಿ ಹಾಕಿ ಸೇರಿಸಲು ಬರುವುದಿಲ್ಲ. ಒಮ್ಮೆ ಒಪ್ಪಿದ ಮೇಲೂ ನಡುವೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಕಾರಣ ಹೇಳಬೇಕಿಲ್ಲ.

ಸಹಿಗೆ ಮೊದಲು ಒಪ್ಪಿಗೆ ಪತ್ರವನ್ನು ನಿಮ್ಮ ಮನೆಯ ಭಾಷೆಯಲ್ಲಿ ಓದಿ ಹೇಳಲಿ, ಎಷ್ಟು ದಿನದ ಕೆಲಸ, ಸಂದೇಹ ಬಂದರೆ ಯಾರನ್ನು ಕೇಳಬೇಕು ಎಂದು ತಿಳಿಸಲಿ, ಸಹಿಯಾದ ಪತ್ರದ ಒಂದು ಪ್ರತಿಯನ್ನು ನಿಮ್ಮ ಕೈಯಲ್ಲಿ ಕೊಡಲಿ. ಹೆಬ್ಬೆಟ್ಟು ಒತ್ತುವುದಾದರೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಬಸ್ ಖರ್ಚನ್ನೂ ತಪ್ಪಿದ ಕೂಲಿಯನ್ನೂ ಕೊಟ್ಟರೆ ತೆಗೆದುಕೊಳ್ಳಿ, ಅದು ದಾನವಲ್ಲ.

ಮಗಳ ವಿಚಾರದ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕೆಂದು ಕಾಯ್ದೆಯ 23ನೆಯ ಕಲಮು ಹೇಳುತ್ತದೆ, ಪ್ರಬಂಧದಲ್ಲಿ ಹೆಸರಿನ ಬದಲು ಸಂಖ್ಯೆ ಇರುತ್ತದೆ. ಆದರೆ ಗುಟ್ಟು ಹೊರಬೀಳುವುದು ಪ್ರಬಂಧದಿಂದಲ್ಲ, ಕಾಲೇಜಿನ ಜೀಪು ಮನೆಯ ಮುಂದೆ ನಿಂತು, "ಇಂಥವರ ಮನೆ ಯಾವುದು?" ಎಂದು ಓಣಿಯಲ್ಲಿ ವಿಚಾರಿಸುವುದರಿಂದ. ಮನೆಗೆ ಬರುವುದು ಬೇಡ, ಔಷಧಕ್ಕೆ ಬಂದ ದಿನವೇ ಆಸ್ಪತ್ರೆಯಲ್ಲಿ ಮಾತನಾಡುತ್ತೇವೆ ಎಂದು ನೀವು ಹೇಳಬಹುದು. ಈ ಸಾಲನ್ನು ಓದುವ ಸಂಶೋಧಕರೂ ಜೀಪನ್ನು ಬಸ್ ನಿಲ್ದಾಣದಲ್ಲೇ ಬಿಟ್ಟರೆ ಒಳ್ಳೆಯದು.

ಪ್ರಶ್ನೆ: ಅಫಜಲಪುರ ತಾಲ್ಲೂಕಿನವಳು, ಸಮಾಜಕಾರ್ಯ ಓದುತ್ತಿದ್ದೇನೆ. ನಮ್ಮಲ್ಲಿ ಅನೇಕರು ಕ್ಲಿನಿಕ್ಕಿಗೆ ಬರುವ ಮೊದಲು ಗಾಣಗಾಪುರಕ್ಕೋ ದರ್ಗಾಕ್ಕೋ ಹೋಗಿ ಬಂದಿರುತ್ತಾರೆ. ಅಧ್ಯಯನದಲ್ಲಿ ಇದನ್ನು ಕೇಳಬೇಕೇ? ಮಾರ್ಗದರ್ಶಕರು "ಅದೆಲ್ಲ ಮೂಢನಂಬಿಕೆ, ಬಿಡು" ಎನ್ನುತ್ತಾರೆ.

ಉತ್ತರ: ಕೇಳಲೇಬೇಕು. ಕಾಯಿಲೆ ಶುರುವಾದ ದಿನದಿಂದ ಕ್ಲಿನಿಕ್ಕಿನ ಬಾಗಿಲಿಗೆ ಬರುವವರೆಗೆ ಕುಟುಂಬ ನಡೆದ ದಾರಿಯಲ್ಲಿ ಅದೊಂದು ನಿಲ್ದಾಣ; ಅದನ್ನು ಬಿಟ್ಟರೆ ಆ ದಾರಿಯ ನಕ್ಷೆಯೇ ತಪ್ಪಾಗುತ್ತದೆ. ಕೇಳುವ ಧಾಟಿಯಲ್ಲಿ ನಗೆಯಾಗಲಿ ತೀರ್ಪಾಗಲಿ ಇಣುಕಿದರೆ ಜನ "ಎಲ್ಲಿಗೂ ಹೋಗಿಲ್ರಿ" ಎಂದುಬಿಡುತ್ತಾರೆ, ನೀವು ಅದನ್ನೇ ಸತ್ಯವೆಂದು ಬರೆದುಕೊಳ್ಳುತ್ತೀರಿ. "ಎಲ್ಲೆಲ್ಲಿ ತೋರಿಸಿದ್ರಿ?" ಎಂಬ ಮಾತಿನಲ್ಲಿ ದೇವರೂ ಡಾಕ್ಟರೂ ಒಟ್ಟಿಗೆ ಬರುತ್ತಾರೆ, ಹಾಗೆ ಕೇಳಿ.

ಗುಜರಾತಿನ ಉನಾವಾ ಎಂಬಲ್ಲಿನ ಮೀರಾ ದಾತಾರ್ ದರ್ಗಾದಲ್ಲಿ "ದವಾ ಮತ್ತು ದುವಾ" ಎಂಬ ಹೆಸರಿನಲ್ಲಿ ದರ್ಗಾ ನೋಡಿಕೊಳ್ಳುವ ಮುಜಾವರರೂ ಮನೋವೈದ್ಯರೂ ಕೈಜೋಡಿಸಿ, ಹರಕೆಗೆ ಬಂದವರನ್ನು ಪಕ್ಕದಲ್ಲೇ ಇದ್ದ ಕ್ಲಿನಿಕ್ಕಿಗೂ ಕಳಿಸುವ ಪದ್ಧತಿ ನಡೆದಿದೆ. ಅಲ್ಲಿನ ಮುಜಾವರರು ಪ್ರಾರ್ಥನೆಯನ್ನು ಬಿಡಿ ಎನ್ನಲಿಲ್ಲ, ವೈದ್ಯರೂ ಹಾಗೆ ಕೇಳಲಿಲ್ಲ. ನಮ್ಮಲ್ಲಿಯೂ ಕ್ಲಿನಿಕ್ಕು, ಕಾಲೇಜು ಎಂಬ ಇಬ್ಬರ ಜೊತೆಗೆ ಮೂರನೆಯವರಿಗೆ ಜಾಗ ಮಾಡಬಹುದು. ಒಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹತ್ತಿರ ಮಾನಸಿಕ ರೋಗಿಗಳನ್ನಿಟ್ಟಿದ್ದ ಮನೆಗೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗದೆ ಸತ್ತರು. ಈಗ ಸರಪಳಿ ಹಾಕುವುದನ್ನು ಕಾಯ್ದೆಯ 95ನೆಯ ಕಲಮು ನಿಷೇಧಿಸಿದೆ. ಅಧ್ಯಯನದ ವೇಳೆ ಅಂಥದ್ದು ಕಣ್ಣಿಗೆ ಬಿದ್ದರೆ ಟಿಪ್ಪಣಿ ಬರೆದುಕೊಂಡು ಸುಮ್ಮನೆ ಬರುವಂತಿಲ್ಲ. ಯಾರಿಗೆ ತಿಳಿಸಬೇಕೆಂದು ಮಾರ್ಗದರ್ಶಕರ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ನಾವು ಯಾರನ್ನೂ ಮಾತನಾಡಿಸುವುದಿಲ್ಲ, ಹಳೆಯ ರಿಜಿಸ್ಟರನ್ನು ಮಾತ್ರ ನೋಡುತ್ತೇವೆ. ಅದಕ್ಕೂ ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯ ನೀತಿಯನ್ನು ಪರಿಶೀಲಿಸುವ ಸಮಿತಿಯ, ಅನುಮತಿ ಬೇಕೇ? ನಮ್ಮ ಪದವಿ ಕಾಲೇಜಿನಲ್ಲಿ ಅಂಥ ಸಮಿತಿಯೇ ಇಲ್ಲ. (ಕಲಬುರಗಿ)

ಉತ್ತರ: ಅರ್ಜಿ ಹಾಕಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಅಪಾಯ ಕಡಿಮೆಯಿರುವ ಅಧ್ಯಯನಕ್ಕೆ ಶೀಘ್ರ ಪರಿಶೀಲನೆಯೋ ವಿನಾಯಿತಿಯೋ ಸಿಗಬಹುದು. ಆದರೆ ಸಿಗುತ್ತದೆಯೇ ಎಂದು ತೀರ್ಮಾನಿಸುವುದು ಸಮಿತಿ, ನೀವಲ್ಲ. ನಿಮ್ಮಲ್ಲಿ ಸಮಿತಿಯಿಲ್ಲದಿದ್ದರೆ ಬೇರೆ ಸಂಸ್ಥೆಯ ಸಮಿತಿಯೊಂದಿಗೆ ಒಡಂಬಡಿಕೆ ಮಾಡಿಕೊಳ್ಳಲು ಅವಕಾಶವಿದೆ. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳು ಒಂದಕ್ಕಿಂತ ಹೆಚ್ಚಿವೆ, ಬೀದರ್ ಮತ್ತು ಯಾದಗಿರಿಯಲ್ಲೂ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿವೆ. ಅಲ್ಲಿನ ಮನೋವೈದ್ಯಕೀಯ ವಿಭಾಗದವರೊಬ್ಬರನ್ನು ಸಹ ಸಂಶೋಧಕರನ್ನಾಗಿ ಸೇರಿಸಿಕೊಂಡರೆ ಕೆಲಸ ಹಗುರವಾಗುತ್ತದೆ.

ಹೆಸರು ತೆಗೆದರೆ ಸಾಕು ಎಂದುಕೊಳ್ಳಬೇಡಿ. ಮೂವತ್ತು ಮನೆಗಳ ತಾಂಡಾದ ಹೆಸರು, ವಯಸ್ಸು, ಕಾಯಿಲೆ ಮೂರನ್ನೂ ಒಂದೇ ಸಾಲಿನಲ್ಲಿ ಬರೆದರೆ ಹೆಸರನ್ನು ಬರೆದಂತೆಯೇ ಆಯಿತು. ಊರಿನ ಬದಲು ಹೋಬಳಿಯನ್ನು, ವಯಸ್ಸಿನ ಬದಲು ಹತ್ತು ವರ್ಷದ ಗುಂಪನ್ನು ನಮೂದಿಸಿ. ರಿಜಿಸ್ಟರಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಮನೆಗೆ ಒಯ್ಯುವುದು ಬೇಡ. ಕ್ಲಿನಿಕ್ಕಿನಲ್ಲೇ ಕುಳಿತು, ಅಲ್ಲಿನ ದಾಖಲೆ ನೋಡಿಕೊಳ್ಳುವವರ ಎದುರಿಗೆ, ಬೇಕಾದ ಅಂಕಣಗಳನ್ನಷ್ಟೇ ನಿಮ್ಮ ಹಾಳೆಗೆ ಇಳಿಸಿಕೊಳ್ಳಿ. ಆ ಹಾಳೆಯ ಖಾಲಿ ನಮೂನೆಯೊಂದನ್ನು ಸಮಿತಿಗೆ ಕೊಡುವ ಅರ್ಜಿಗೆ ಲಗತ್ತಿಸಿ.